ಬಾಯಾಗ ಅದ, ಬರವಲ್ದು: ಇಂಗ್ಲಿಷ್ ಪದಪೆಟ್ಟಿಗೆ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ ಲೆಕ್ಕ

ಇಂಗ್ಲಿಷ್ ಕಾದಂಬರಿ ಓದುವಾಗ ಪೆನ್ಸಿಲಿನಲ್ಲಿ ಗೆರೆ ಎಳೆದ ಪದ, ಪಕ್ಕದಲ್ಲಿ ಅರ್ಥವನ್ನೂ ಬರೆದಿಟ್ಟ ಪದ, ಹತ್ತು ದಿನ ಬಿಟ್ಟು ನಾಲ್ಕು ಸಾಲು ಬರೆಯಲು ಕೂತಾಗ ಸಿಗುವುದಿಲ್ಲ. ಕಲಬುರಗಿಯ ಹಾಸ್ಟೆಲುಗಳಲ್ಲಿ ಇದಕ್ಕೆ ಒಂದೇ ಮಾತು: "ಬಾಯಾಗ ಅದ, ಬರವಲ್ದು." ಆ ಪದವನ್ನು ಬಾಯಿಂದ ಕೈಗೆ ತರಲು ಕಟ್ಟಿದ ಎರಡು ಸಾಮಾನುಗಳ ದಾಖಲೆ ಇದು. ಒಂದು ರಟ್ಟಿನ ಪೆಟ್ಟಿಗೆ, ಇನ್ನೊಂದು 200 ಪುಟದ ಲಾಂಗ್ ನೋಟ್‌ಬುಕ್. ಪೆಟ್ಟಿಗೆಯಲ್ಲಿ ಪದ ನೆನಪಿಗೆ ಬರುತ್ತದೆ, ನೋಟ್‌ಬುಕ್ಕಿನಲ್ಲಿ ಬಳಕೆಗೆ ಬರುತ್ತದೆ. ಎರಡನ್ನೂ ಬೇರೆಬೇರೆ ಮಾಡಿಟ್ಟವರು ಬಹಳ ಮಂದಿ ಇದ್ದಾರೆ. ಅವೆರಡನ್ನು ಒಂದಕ್ಕೊಂದು ಜೋಡಿಸುವುದೇ ಕಷ್ಟದ ಕೆಲಸ, ರಿಪೇರಿಯೆಲ್ಲ ಬಂದದ್ದೂ ಅಲ್ಲೇ.

ಲೆಕ್ಕ ಹಾಕಿದ್ದು ಒಂದು ಸೆಮಿಸ್ಟರಿಗೆ, 16 ವಾರ. ದಿನಕ್ಕೆ 6 ಹೊಸ ಪದ, ವಾರಕ್ಕೆ 6 ದಿನ, ಭಾನುವಾರ ಹೊಸದು ಇಲ್ಲ. ಒಟ್ಟು 576 ಕಾರ್ಡು.

ಪೆಟ್ಟಿಗೆ

ಕಾರ್ಡಿಗೆ ಎ4 ಅಳತೆಯ 200 ಜಿ.ಎಸ್.ಎಂ. ಐವರಿ ಶೀಟು, 75 ಹಾಳೆ. ಒಂದು ಹಾಳೆಯಲ್ಲಿ 105 × 74 ಮಿ.ಮೀ.ನ 8 ಕಾರ್ಡು ಬರುತ್ತವೆ, 75ರಲ್ಲಿ 600. ಕತ್ತರಿಯಲ್ಲಿ ಕೂತು ಕತ್ತರಿಸಬೇಡಿ. ಎರಡು ಮಿ.ಮೀ. ಹೆಚ್ಚುಕಡಿಮೆಯಾದರೂ ಮುಂದೆ ಕಾರ್ಡು ಮಗುಚುವಾಗ ಚಿಕ್ಕದು ದೊಡ್ಡದರ ಹಿಂದೆ ಅಡಗಿ ಕೂರುತ್ತದೆ. ಲಗ್ನಪತ್ರಿಕೆ ಅಚ್ಚು ಹಾಕುವ ಯಾವುದೇ ಪ್ರಿಂಟಿಂಗ್ ಪ್ರೆಸ್ಸಿನ ಕಟಿಂಗ್ ಮಷೀನಿನಲ್ಲಿ 75 ಹಾಳೆಯನ್ನು ಒಟ್ಟಿಗೆ ಇಟ್ಟು ಕತ್ತರಿಸಿಕೊಡುತ್ತಾರೆ. ಹಳೆಯ ಲಗ್ನಪತ್ರಿಕೆಯ ಹಿಂಬದಿಯನ್ನೇ ಕಾರ್ಡು ಮಾಡಿಕೊಳ್ಳಬಹುದು. ಆದರೆ ನುಣುಪಾದ ಕಾಗದ ಬೇಡ, ಅದರ ಮೇಲೆ ಶಾಯಿ ಹಿಡಿಯುವುದಿಲ್ಲ.

ಕತ್ತರಿಸುವ ಮುಂಚೆ ಹಾಳೆಯ ನಾರು ಯಾವ ಕಡೆಗಿದೆ ನೋಡಿ. ಹಾಳೆಯನ್ನು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಮೆಲ್ಲಗೆ ಬಗ್ಗಿಸಿದರೆ ಒಂದು ಕಡೆ ಸಲೀಸಾಗಿ ಬಾಗುತ್ತದೆ, ಆ ಮಡಿಕೆಯ ಗುಂಟವೇ ನಾರು ಓಡುತ್ತದೆ. ಪೆಟ್ಟಿಗೆಯಲ್ಲಿ ಕಾರ್ಡು ನಿಂತಾಗ ನಾರು ಮೇಲಿಂದ ಕೆಳಕ್ಕೆ ಬರುವಂತೆ ಕತ್ತರಿಸಿ. ಅಡ್ಡ ನಾರಿನ ಕಾರ್ಡು ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ ಒಣಗಿ ಮುಂದಕ್ಕೆ ತಲೆ ಬಾಗಿಸುತ್ತದೆ.

ಪೆಟ್ಟಿಗೆಗೆ 3 ಮಿ.ಮೀ. ದಪ್ಪದ ರಟ್ಟು. ತಳ 312 × 110, ಉದ್ದ ಗೋಡೆ 318 × 60 ಎರಡು, ಗಿಡ್ಡ ಗೋಡೆ 110 × 60 ಎರಡು, ನಡುವಿನ ತಡೆ 108 × 84 ನಾಲ್ಕು, ಎಲ್ಲವೂ ಮಿ.ಮೀ.ನಲ್ಲಿ. ಗಿಡ್ಡ ಗೋಡೆಗಳು ತಳದ ತುದಿಗೆ ತಾಗಿ ನಿಲ್ಲಬೇಕು, ಉದ್ದ ಗೋಡೆಗಳು ಹೊರಗಿನಿಂದ ಎಲ್ಲವನ್ನೂ ಅಪ್ಪಬೇಕು. ಒಳಗಿನ ಆಳ 57 ಬರುತ್ತದೆ. ಕಾರ್ಡು ಅದರ ಮೇಲೆ 17 ಮಿ.ಮೀ. ಇಣುಕುತ್ತದೆ, ಬೆರಳಿಗೆ ಅಷ್ಟು ಸಾಕು. ತಡೆಗಳು ಕಾರ್ಡಿಗಿಂತ 10 ಮಿ.ಮೀ. ಎತ್ತರ, ಅಲ್ಲಿ ಮನೆಯ (ತಡೆಗಳು ಬಿಡಿಸುವ ಐದು ಖಾನೆಗಳಿಗೆ ಮನೆ ಎನ್ನುತ್ತೇವೆ) ನಂಬರು ಬರೆಯುವುದು.

ರಟ್ಟನ್ನು ಸ್ಟೀಲ್ ಸ್ಕೇಲು ಒತ್ತಿಹಿಡಿದು ಕಟ್ಟರಿನಲ್ಲಿ ನಾಲ್ಕೈದು ಹಗುರ ಗೀರಿನಲ್ಲಿ ಕತ್ತರಿಸಿ. ಒಂದೇ ಏಟಿಗೆ ಒತ್ತಿದರೆ ಅಂಚು ಓರೆಯಾಗುತ್ತದೆ, ಮೂಲೆ ಕೂಡುವುದಿಲ್ಲ. ಫೆವಿಕಾಲ್ ತೆಳ್ಳಗೆ ಹಚ್ಚಬೇಕು. ದಪ್ಪ ಹಚ್ಚಿದರೆ ಅದರ ನೀರು ಕುಡಿದು ರಟ್ಟು ಉಬ್ಬಿ ಬಾಗುತ್ತದೆ. ಬೇಸಿಗೆಯಲ್ಲಿ ಒಂದು ಸಲಕ್ಕೆ ಒಂದೇ ಅಂಚಿಗೆ ಹಚ್ಚಿ, ಎರಡನೆಯದಕ್ಕೆ ಕೈ ಹೋಗುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ಒಂದು ರಾತ್ರಿ ಪುಸ್ತಕಗಳ ಭಾರ ಇಡಿ. ಸೆಲ್ಲೋಟೇಪಿನಲ್ಲಿ ಜೋಡಿಸಿದ ಪೆಟ್ಟಿಗೆ ಒಂದು ಬೇಸಿಗೆಯನ್ನೂ ದಾಟುವುದಿಲ್ಲ, ಅಂಟು ಒಣಗಿ ಟೇಪು ಸಿಪ್ಪೆಯಂತೆ ಎದ್ದುಬರುತ್ತದೆ.

ತಡೆಗಳನ್ನು ನಿಲ್ಲಿಸಲು ಐವರಿ ಶೀಟಿನ 20 ಮಿ.ಮೀ. ಅಗಲ, 57 ಉದ್ದದ ಪಟ್ಟಿಗಳು ಎಂಟು. ನಡುವೆ ಮಡಚಿ ಒಂದು ಕಿವಿಯನ್ನು ಗೋಡೆಗೆ, ಇನ್ನೊಂದನ್ನು ತಡೆಗೆ ಅಂಟಿಸಬೇಕು. ಧೂಳಿನ ಊರು, ಮುಚ್ಚಳ ಬೇಕೇ ಬೇಕು. ಒಳ ಅಳತೆ 320 × 118, ಅಂಚು 45 ಇಳಿಬಿಟ್ಟರೆ ಗೋಡೆಯನ್ನು 18 ಮಿ.ಮೀ. ಹಿಡಿದು ಕೂರುತ್ತದೆ.

ಮೊದಲ ತಪ್ಪು: ಒಂದನೇ ಮನೆ

ಐದು ಮನೆಯ ಪೆಟ್ಟಿಗೆಯ ಪದ್ಧತಿ ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1972ರ ತನ್ನ ಪುಸ್ತಕದಲ್ಲಿ ಹೇಳಿದ್ದು. ಉತ್ತರ ಬಂದ ಕಾರ್ಡು ಮುಂದಿನ ಮನೆಗೆ, ಬಾರದ್ದು ಎಲ್ಲೇ ಇದ್ದರೂ ಒಂದನೇ ಮನೆಗೆ. ಕಲಿತದ್ದು ಮೊದಲ ದಿನಗಳಲ್ಲಿ ಬೇಗ ಮರೆಯುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ ಎಂದು ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದ. ಪೆಟ್ಟಿಗೆ ಅದನ್ನು ಮನೆಗಳ ಅಗಲಕ್ಕೆ ಇಳಿಸುತ್ತದೆ. ಲೈಟ್ನರನ ಅಳತೆ 1, 2, 5, 8, 14 ಸೆಂ.ಮೀ.

ಅದೇ ಅಳತೆಗೆ ಕಟ್ಟಿದರೆ ಒಂದನೇ ಮನೆ ಕೈಕೊಡುತ್ತದೆ. 1 ಸೆಂ.ಮೀ.ನಲ್ಲಿ 30 ಕಾರ್ಡು ತುಂಬಿದ ಮೇಲೆ ಬೆರಳು ಹೋಗುವುದಿಲ್ಲ, ಎಳೆಯುವಾಗ ತಡೆಯೇ ಕಿತ್ತುಬರುತ್ತದೆ. ದಿನಾ ಕೈ ಹಾಕುವ ಮನೆಯೇ ಎಲ್ಲಕ್ಕಿಂತ ಇಕ್ಕಟ್ಟಾದರೆ ಆ ಪೆಟ್ಟಿಗೆ ಮೂಲೆ ಸೇರುತ್ತದೆ. ತಡೆಗಳನ್ನು ಬಿಚ್ಚಿ 25, 30, 50, 80, 115 ಮಿ.ಮೀ.ಗೆ ಕೂರಿಸಿದ್ದು ಸರಿಹೋಯಿತು. ಮಡಚಿದ ಪಟ್ಟಿಗಳನ್ನು ಯಾವಾಗಲೂ ತಡೆಯ ಹಿಂಬದಿಗೆ, ಅಂದರೆ ದೊಡ್ಡ ಮನೆಯ ಕಡೆಗೆ ಅಂಟಿಸಿ.

ಇನ್ನೊಂದು ಬದಲಾವಣೆಯೂ ಬೇಕಾಯಿತು. ಮನೆ ತುಂಬಿದಾಗ ಮಾತ್ರ ಅದನ್ನು ತೆಗೆದು ಕೇಳಿಕೊಳ್ಳಬೇಕು ಎಂಬುದು ಮೂಲ ನಿಯಮ. ಇಂಟರ್ನಲ್ ಪರೀಕ್ಷೆಯ ವಾರ, ಜಾತ್ರೆಯ ವಾರ ಹೊಸ ಕಾರ್ಡು ಬರುವುದಿಲ್ಲ, ಮನೆ ತುಂಬುವುದಿಲ್ಲ, ಒಳಗಿದ್ದವು ಹಾಗೇ ಹಳಸುತ್ತವೆ. ಅದಕ್ಕೆ ವಾರ ಗೊತ್ತುಮಾಡಿದ್ದು ಒಳ್ಳೆಯದಾಯಿತು: ಒಂದನೆಯದು ದಿನಾ, ಎರಡನೆಯದು ಸೋಮವಾರ ಮತ್ತು ಗುರುವಾರ, ಮೂರನೆಯದು ಭಾನುವಾರ, ನಾಲ್ಕನೆಯದು ಒಂದು ಬಿಟ್ಟು ಒಂದು ಭಾನುವಾರ, ಐದನೆಯದು ತಿಂಗಳ ಕೊನೆಯ ಭಾನುವಾರ.

ದಿನಕ್ಕೆ 6 ಯಾಕೆ, 20 ಯಾಕಲ್ಲ? ಪ್ರತಿ ಕಾರ್ಡು ಹೊರಬೀಳುವ ಮೊದಲು ಕಡಿಮೆಯೆಂದರೂ 5 ಸಲ ಕೈಗೆ ಬರುತ್ತದೆ. 6 ಹಾಕಿದರೆ ಕಾಲಕ್ರಮದಲ್ಲಿ ದಿನದ ಸರಾಸರಿ 30, ತಪ್ಪಿದವು ಸೇರಿ 40. ಕಾರ್ಡಿಗೆ 15 ಸೆಕೆಂಡು ಹಿಡಿದರೆ 10 ನಿಮಿಷ. 20 ಹಾಕಿದರೆ ದಿನಕ್ಕೆ ನೂರರ ಮೇಲೆ. ಹುರುಪಿನಲ್ಲಿ 20 ಹಾಕಿದ ಪೆಟ್ಟಿಗೆ ಮೂರನೇ ವಾರಕ್ಕೆ ಮುಚ್ಚುತ್ತದೆ.

ಕಾರ್ಡಿನ ಮೇಲೆ ಏನು

ಮುಂದೆ ಪದ, ಹಿಂದೆ ಅರ್ಥ ಬರೆದರೆ ಕೆಲಸ ಕೆಟ್ಟಂತೆ. ಮುಂಬದಿಯಲ್ಲಿ ಆ ಪದ ಸಿಕ್ಕ ವಾಕ್ಯವನ್ನು ಪದದ ಜಾಗ ಖಾಲಿ ಬಿಟ್ಟು ಬರೆಯಬೇಕು, ಮೊದಲ ಅಕ್ಷರ ಮಾತ್ರ ಇರಲಿ. ಮೂಲೆಯಲ್ಲಿ ಪುಟದ ಸಂಖ್ಯೆ, ಸಿನಿಮಾ ಆದರೆ ನಿಮಿಷ. ಹಿಂಬದಿಯಲ್ಲಿ ಪದ, ಒತ್ತು ಬೀಳುವ ಜಾಗಕ್ಕೆ ಅಡಿಗೆರೆ, ಕನ್ನಡದ ಮಾತು, ಆ ಪದದ ಜೊತೆ ಓಡಾಡುವ ಎರಡು ಪದ. ಬಾಲ್ ಪೆನ್ನೇ ಇರಲಿ, ಜೆಲ್ ಪೆನ್ನು ಬೆವರಿನ ಕೈಗೆ ಹರಡುತ್ತದೆ.

ಕನ್ನಡದ ಮಾತಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಗ್ಲಾನ್ಸ್, ಸ್ಟೇರ್, ಗ್ಲೇರ್, ಪೀರ್, ಪೀಪ್ ಐದೂ ಕಾದಂಬರಿಯ ಒಂದೇ ಅಧ್ಯಾಯದಲ್ಲಿ ಸಿಕ್ಕಬಹುದು. ಅವಸರದಲ್ಲಿ ಐದರ ಹಿಂದೆಯೂ 'ನೋಡು' ಎಂದು ಬರೆದುಬಿಡುತ್ತೇವೆ. ಮರುವಾರ ಐದು ಕಾರ್ಡೂ ಒಂದರೊಳಗೊಂದು ಕಲಸಿಹೋಗಿರುತ್ತವೆ. ತಪ್ಪು ಇಂಗ್ಲಿಷಿನದಲ್ಲ, ನಮ್ಮ ಕನ್ನಡವನ್ನು ನಾವು ಪೂರ್ತಿ ತೆಗೆಯಲಿಲ್ಲ. ಗ್ಲಾನ್ಸ್ ಎಂದರೆ ಕಣ್ಣು ಹಾಯಿಸು. ಸ್ಟೇರ್ ಎಂದರೆ ಎವೆಯಿಕ್ಕದೆ ದಿಟ್ಟಿಸು. ಗ್ಲೇರ್ ಎಂದರೆ ಕೆಕ್ಕರಿಸು. ಪೀರ್ ಎಂದರೆ ಕಣ್ಣು ಕಿರಿದು ಮಾಡಿ ನೋಡು, ಸೂಜಿಗೆ ದಾರ ಪೋಣಿಸುವ ಅಜ್ಜಿಯ ಹಾಗೆ. ಪೀಪ್ ಎಂದರೆ ಇಣುಕು. ಹೀಗೆ ಬರೆದ ದಿನ ಐದೂ ಬೇರೆಬೇರೆ ಮುಖವಾಗಿ ನಿಲ್ಲುತ್ತವೆ. ಮನೆಯಲ್ಲಿ ದಖನಿ ಉರ್ದುವೋ ಮರಾಠಿಯೋ ತೆಲುಗೋ ಆಡುವವರು ಆ ಮಾತನ್ನೇ ಬರೆಯಲಿ. ಕಲಬುರಗಿಯಲ್ಲಿ ಒಂದೇ ಬೆಂಚಿನ ಮೇಲೆ ನಾಲ್ಕು ಭಾಷೆ ಕೂರುತ್ತವೆ. ಮನೆಯ ಮಾತು ಎಷ್ಟು ಹತ್ತಿರದ್ದೋ ಪದ ಅಷ್ಟು ಗಟ್ಟಿ.

ಉಚ್ಚಾರಣೆಯನ್ನು ಮಾತ್ರ ಕನ್ನಡ ಲಿಪಿಯಲ್ಲಿ ಬರೆದು ನೆಚ್ಚಿಕೊಳ್ಳಬೇಡಿ. ಪಶ್ಚಿಮ ದಿಕ್ಕೂ 'ವೆಸ್ಟ್', ಬನಿಯನ್ನೂ 'ವೆಸ್ಟ್', ನಮ್ಮ 'ವ' ಎರಡನ್ನೂ ನುಂಗುತ್ತದೆ. ಬರೆದಂತೆ ಓದುವ ಭಾಷೆಯವರು ನಾವು, ಸಾಲ ಎಂಬರ್ಥದ 'ಡೆಟ್'ನಲ್ಲಿ ಇಲ್ಲದ 'ಬ'ಕಾರವನ್ನು ಬಾಯಿ ತಾನಾಗಿ ಸೇರಿಸುತ್ತದೆ. ಇಂಗ್ಲಿಷ್ ಅಕ್ಷರದಲ್ಲೇ ಬರೆದು, ಮೂಕ ಅಕ್ಷರವನ್ನು ಪೆನ್ಸಿಲಿನಲ್ಲಿ ಹೊಡೆದುಹಾಕಿ, ಮೊಬೈಲಿನ ನಿಘಂಟಿನಲ್ಲಿ ಎರಡು ಸಲ ಕೇಳಿ.

ಹಳದಿ ಕಾರ್ಡು ಬೇರೆ. ಕನ್ನಡದಲ್ಲಿ ದಿನಾ ಬಳಸುವ, ಆದ್ದರಿಂದಲೇ ಗೊತ್ತೆಂದು ಮೋಸಹೋಗುವ ಇಂಗ್ಲಿಷ್ ಪದಗಳಿಗೆ ಅದು. ನಮ್ಮ 'ಹೋಟೆಲ್' ಊಟ, ತಿಂಡಿಯ ಜಾಗ, ಅಲ್ಲಿಯದು ಮೊದಲಿಗೆ ತಂಗುವ ಜಾಗ. ನಾವು ಡಿಗ್ರಿ ಮುಗಿಸಿ 'ಪಾಸ್ ಔಟ್' ಆದರೆ ಇಂಗ್ಲೆಂಡಿನವನಿಗೆ ಎಚ್ಚರ ತಪ್ಪಿ ಬಿದ್ದಂತೆ ಕೇಳಬಹುದು. ಸಿನಿಮಾದ ಬಗ್ಗೆ ಬರೆಯುವವರಿಗೆ ಎರಡು ಪದ ವಿಶೇಷ ಅಪಾಯ. 'ಕ್ಲೈಮ್ಯಾಕ್ಸ್' ಎಂದರೆ ನಮ್ಮಲ್ಲಿ ಕಡೆಯ ರೀಲು. ಇಂಗ್ಲಿಷಿನಲ್ಲಿ ಬಿಗಿ ಅತಿ ಹೆಚ್ಚಾಗುವ ಘಟ್ಟ, ಅದು ಮುಗಿದ ಮೇಲೂ ಕತೆ ಇರಬಹುದು. 'ಸೆಂಟಿಮೆಂಟ್' ಎಂದರೆ ನಮ್ಮಲ್ಲಿ ಕಣ್ಣೀರಿನ ದೃಶ್ಯ, ಅಲ್ಲಿ ಅಭಿಪ್ರಾಯ ಎಂಬರ್ಥವೂ ಉಂಟು. ಇವೆರಡು ಹಳದಿ ಕಾರ್ಡಿಲ್ಲದೆ ವಿಮರ್ಶೆ ಬರೆಯಲು ಕೂರಬೇಡಿ.

ಯಾವ ಪುಸ್ತಕ

ಮೊದಲು ಪುಟ ಎಣಿಸಿ. ಕಾದಂಬರಿಯ ಒಂದು ಪುಟದಲ್ಲಿ ಸುಮಾರು 300 ಪದ. ಗೊತ್ತಿಲ್ಲದವು 6 ಇದ್ದರೆ, ಅಂದರೆ ನೂರಕ್ಕೆ 98 ಗೊತ್ತಿದ್ದರೆ, ನಿಘಂಟಿಲ್ಲದೆ ಓಟ ಸಾಗುತ್ತದೆ. 15 ದಾಟಿದರೆ ಆ ಪುಸ್ತಕ ಮುಂದಿನ ಸೆಮಿಸ್ಟರಿಗೆ ಇರಲಿ. ಪದಕಲಿಕೆಯ ಸಂಶೋಧಕ ಪಾಲ್ ನೇಷನ್ 2006ರಲ್ಲಿ ಹಾಕಿದ ಲೆಕ್ಕದಂತೆ ಕಾದಂಬರಿಯನ್ನು ಈ 98ರ ಮಟ್ಟದಲ್ಲಿ ಓದಲು 8,000ದಿಂದ 9,000 ಪದಕುಟುಂಬ (ಒಂದು ಮೂಲ ಪದ, ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ) ಬೇಕು. ಅದನ್ನು ಕೇಳಿ ಎದೆಗುಂದಬೇಕಿಲ್ಲ. ಮೈಕೇಲ್ ವೆಸ್ಟ್ 1953ರಲ್ಲಿ ಕೊಟ್ಟ ಸುಮಾರು 2,000 ಮೂಲ ಪದಗಳ ಪಟ್ಟಿ ಹಳೆಯದಾದರೂ ಬುನಾದಿ ನೋಡಿಕೊಳ್ಳಲು ಈಗಲೂ ಆಗುತ್ತದೆ. ಅದರಲ್ಲಿ ತೂತುಗಳಿದ್ದರೆ ಮೊದಲ ನಾಲ್ಕು ವಾರದ ಕಾರ್ಡು ಅದಕ್ಕೇ.

ಕನ್ನಡ ಮೂಲ, ಇಂಗ್ಲಿಷ್ ಅನುವಾದ, ಸಿನಿಮಾ ಮೂರೂ ಇರುವ ಕೃತಿ ಸಿಕ್ಕರೆ ಬಿಡಬೇಡಿ. ಅನಂತಮೂರ್ತಿಯವರ 'ಸಂಸ್ಕಾರ' (1965) ಹಾಗಿದೆ: ಪಟ್ಟಾಭಿರಾಮ ರೆಡ್ಡಿಯವರ ಸಿನಿಮಾ 1970ರದು, ಎ.ಕೆ. ರಾಮಾನುಜನ್ನರ ಅನುವಾದ 1976ರದು. ಅನುವಾದಕರು ಹೆಸರನ್ನು ಅನುವಾದಿಸದೆ ಹಾಗೇ ಉಳಿಸಿ, ಅಡಿಶೀರ್ಷಿಕೆಯಲ್ಲಿ ಮಾತ್ರ ಸತ್ತವನಿಗೊಂದು ಕ್ರಿಯೆ ಎಂಬರ್ಥದ ಇಂಗ್ಲಿಷ್ ಕೊಟ್ಟರು. ಉತ್ತರಕ್ರಿಯೆ, ಪರಿಷ್ಕಾರ, ಹಿಂದಿನಿಂದ ಬಂದ ವಾಸನೆ, ಇಷ್ಟನ್ನೂ ಹೊರುವ ಒಂದು ಇಂಗ್ಲಿಷ್ ಪದ ಯಾಕೆ ಸಿಗುವುದಿಲ್ಲ ಎಂಬುದೇ ನೋಟ್‌ಬುಕ್ಕಿನ ಒಂದು ಪೂರ್ತಿ ಪುಟಕ್ಕೆ ಸಾಕು.

ನೋಟ್‌ಬುಕ್

ಎದುರುಬದುರಿನ ಎರಡು ಪುಟ ಒಂದು ಸಲದ ಬರಹಕ್ಕೆ. ಎಡಪುಟದಲ್ಲಿ ಕಂಡದ್ದು ಮಾತ್ರ: ಯಾರು, ಎಲ್ಲಿ, ಯಾವ ಪುಟ ಅಥವಾ ಎಷ್ಟನೇ ನಿಮಿಷ, ಯಾವ ಮಾತು. ಬಲಪುಟದಲ್ಲಿ 120ರಿಂದ 150 ಪದದ ಇಂಗ್ಲಿಷ್ ಬರಹ, ವಾರಕ್ಕೆ ಮೂರು. ಬಲಪುಟದ ಪ್ರತಿ ವಾಕ್ಯಕ್ಕೂ ಎಡಪುಟದಲ್ಲಿ ಒಂದು ಆಧಾರ ಇರಬೇಕು. ಕತೆಯೊಳಗಿನದನ್ನು ವರ್ತಮಾನ ಕಾಲದಲ್ಲೇ ಹೇಳಿ. ಒಂದು ವಾಕ್ಯ ಭೂತ, ಒಂದು ವಾಕ್ಯ ವರ್ತಮಾನ ಆಗುವುದೇ ನಮ್ಮವರ ಬರಹದಲ್ಲಿ ಹೆಚ್ಚು ಕಾಣುವ ದೋಷ.

ಸಿನಿಮಾ ಪೂರ್ತಿ ಬೇಡ, ನಾಲ್ಕು ನಿಮಿಷದ ಒಂದು ದೃಶ್ಯ ಆರಿಸಿ. ಮೊದಲ ಸಲ ಸಬ್‌ಟೈಟಲ್ ಇಲ್ಲದೆ, ಎರಡನೇ ಸಲ ಇಂಗ್ಲಿಷ್ ಸಬ್‌ಟೈಟಲ್ ಹಾಕಿ, ಮೂರನೇ ಸಲ ಧ್ವನಿ ನಿಲ್ಲಿಸಿ ಕಾಣುವುದನ್ನು ಬಾಯಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತ. ಸಬ್‌ಟೈಟಲ್ ಸಾಲನ್ನು ಹಾಗೇ ಕಾರ್ಡಿಗೆ ಇಳಿಸಬೇಡಿ. ಓದುವ ವೇಗಕ್ಕೆ ಹೊಂದಲೆಂದು ಮಾತನ್ನು ಮೊಟಕು ಮಾಡಿರುತ್ತಾರೆ, ಕಿವಿಗೆ ಕೇಳಿದ್ದನ್ನು ಬರೆಯಿರಿ. ಕನ್ನಡ ಸಿನಿಮಾಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಇದ್ದರೆ ಅದು ಇನ್ನೊಂದು ಒಳ್ಳೆಯ ಅಭ್ಯಾಸ. ಮನೆ ಬಿಡುವಾಗ ನಾವು "ಬರ್ತೀನ್ರಿ" ಅನ್ನುತ್ತೇವೆ, ಕೆಳಗೆ 'ಐ ಆಮ್ ಲೀವಿಂಗ್' ಎಂದು ಬರುತ್ತದೆ. ಹೋಗುವವನ ಬಾಯಲ್ಲಿದ್ದ 'ಬರುವೆ' ಎಂಬ ಭರವಸೆ ಕೆಳಗಿನ ಸಾಲಿನಲ್ಲಿ ಇಲ್ಲ. ಅವನು ಕತೆಯಲ್ಲಿ ವಾಪಸು ಬಾರದೆ ಹೋದರೆ ಈ ನಷ್ಟ ಎಷ್ಟು ದೊಡ್ಡದು ನೋಡಿ.

ಬಲಪುಟದಲ್ಲಿ ನೈಸ್, ವೆರಿ, ಇಂಟರೆಸ್ಟಿಂಗ್, ಹಾರ್ಟ್ ಟಚಿಂಗ್ ನಿಷೇಧ. ಮಗ ಊರು ಬಿಟ್ಟ ಮೇಲೆ ತಾಯಿ ಪಾತ್ರೆ ತಿಕ್ಕುವ ದೃಶ್ಯ ಇದೆ ಎಂದಿಟ್ಟುಕೊಳ್ಳಿ. 'ದಿ ಸೀನ್ ಈಸ್ ವೆರಿ ಹಾರ್ಟ್ ಟಚಿಂಗ್' ಎಂದರೆ ಯಾವ ಸಿನಿಮಾಕ್ಕೂ ಸಲ್ಲುವ ಮಾತು. 'ಶಿ ಕೀಪ್ಸ್ ಸ್ಕ್ರಬಿಂಗ್ ದ ಸೇಮ್ ಪ್ಲೇಟ್. ದ ಟ್ಯಾಪ್ ಈಸ್ ಸ್ಟಿಲ್ ರನ್ನಿಂಗ್' ಎಂದು ಬರೆದರೆ ದುಃಖ ಎಂಬ ಪದ ಇಲ್ಲದೆಯೇ ದುಃಖ ಬಂತು, ಜೊತೆಗೆ ಸ್ಕ್ರಬ್ ಎಂಬ ಕಾರ್ಡಿಗೆ ಕೆಲಸವೂ ಸಿಕ್ಕಿತು.

ಐದನೇ ವಾರದ ರಿಪೇರಿ

ಪೆಟ್ಟಿಗೆಯನ್ನೂ ನೋಟ್‌ಬುಕ್ಕನ್ನೂ ಕೂಡಿಸಲು ಹಾಕಿದ ನಿಯಮ ಇದು: ಬಲಪುಟದಲ್ಲಿ ಒಮ್ಮೆ ಬಳಸದ ಪದ ಮೂರನೇ ಮನೆಯಿಂದ ನಾಲ್ಕಕ್ಕೆ ಹೋಗಬಾರದು. ಐದನೇ ವಾರಕ್ಕೆ ಮೂರನೇ ಮನೆ ಉಬ್ಬಿ ತಡೆ ಬಾಗಿತು. ಕಾರಣ ಸರಳ ಲೆಕ್ಕ. ವಾರಕ್ಕೆ 36 ಪದ ಒಳಬರುತ್ತವೆ. ಮೂರು ಬರಹದಲ್ಲಿ ತಲಾ 6 ಪದ ಬಳಸಿದರೂ ಹೊರಹೋಗುವುದು 18. ಉಳಿದವನ್ನು ತುರುಕಿದರೆ ಬರಹ ನಿಘಂಟಿನ ಹಾಗೆ ಬಿರುಸಾಗುತ್ತದೆ.

ಪದಗಳನ್ನು ಎರಡು ಮಾಡಿದ ಮೇಲೆ ಸರಿಯಾಯಿತು. ಕಂಡರೆ ಗುರುತು ಸಿಕ್ಕರೆ ಸಾಕಾದವು ಒಂದು ಬಗೆ: ಹಡಗಿನ ಭಾಗಗಳು, ಹಳೆಯ ಉಡುಪಿನ ಹೆಸರು. ನಾವೇ ಬಳಸಬೇಕಾದವು ಇನ್ನೊಂದು: ರಿಲಕ್ಟಂಟ್, ಹಿಂಟ್, ಇಂಪ್ಲೈ, ಕಾಂಟ್ರಾಸ್ಟ್. ಎರಡನೇ ಬಗೆಯ ಕಾರ್ಡಿನ ಬಲಮೂಲೆ ಕತ್ತರಿಸಿ, ದಿನಕ್ಕೆ ಮೂರೇ ಇರಲಿ. ವಾರಕ್ಕೆ 18 ಬಂತು, 18 ಹೋಯಿತು. ನೋಟ್‌ಬುಕ್ಕಿನ ನಿಯಮ ಮೂಲೆ ಕತ್ತರಿಸಿದವುಗಳಿಗೆ ಮಾತ್ರ. ಬರೆಯುವ ಕ್ರಮವೂ ತಿರುಗುಮುರುಗಾಗಬೇಕು: ಮೊದಲು ಪೆಟ್ಟಿಗೆ ಮುಚ್ಚಿಟ್ಟು ಬಲಪುಟ ಬರೆಯಿರಿ, ಆಮೇಲೆ ಮೂಲೆ ಕತ್ತರಿಸಿದ ಕಾರ್ಡುಗಳನ್ನು ಹರವಿ ಎಲ್ಲಿ ಯಾವುದು ಕೂರುತ್ತದೆ ನೋಡಿ. ಕೂರದ್ದು ಮುಂದಿನ ವಾರಕ್ಕೆ ಕಾಯಲಿ. ಬಳಸಿದ ದಿನ ಕಾರ್ಡಿನ ಹಿಂದೆ ಬಲಪುಟದ ಸಂಖ್ಯೆ ಬರೆಯಿರಿ, ಸಾಕ್ಷಿ ಅದೇ.

ಮೂರು ಸಲ ಒಂದನೇ ಮನೆಗೆ ಬಿದ್ದ ಕಾರ್ಡನ್ನು ನಾಲ್ಕನೇ ಸಲ ಹಾಗೇ ಹಾಕಬೇಡಿ, ಹೊಸದಾಗಿ ಬರೆಯಿರಿ. ಸಾಮಾನ್ಯವಾಗಿ ಅದಕ್ಕೊಂದು ಅವಳಿ ಇರುತ್ತದೆ. ಕಾದಂಬರಿಯನ್ನು ಸಿನಿಮಾಕ್ಕೆ ಅಳವಡಿಸುವುದು 'ಅಡ್ಯಾಪ್ಟ್', ದತ್ತು ತೆಗೆದುಕೊಳ್ಳುವುದು 'ಅಡಾಪ್ಟ್', ನಮ್ಮ ಬಾಯಲ್ಲಿ ಎರಡೂ ಒಂದೇ. ಒಂದನ್ನು ತೆಗೆದು ಬೀರುವಿನಲ್ಲಿಡಿ, ಇನ್ನೊಂದು ನಾಲ್ಕನೇ ಮನೆ ಮುಟ್ಟಿದ ಮೇಲೆ ವಾಪಸು ತನ್ನಿ. ಅವಳಿಗಳನ್ನು ಒಂದೇ ವಾರ ಒಳಗೆ ಬಿಡುವುದೇ ಗೊಂದಲದ ಮೂಲ.

ಇಬ್ಬರು ಕೂತು ಕೇಳಿಕೊಳ್ಳುವುದಾದರೆ ಸುಳುಹು ಕೊಡಬಾರದು. "ತಡಿಯಪಾ, ಬಾಯಾಗ ಅದ" ಎಂದು ಗೆಳೆಯ ಎಷ್ಟೇ ಗೋಗರೆಯಲಿ, ಹತ್ತು ಎಣಿಸುವಷ್ಟರಲ್ಲಿ ಪದ ಹೊರಬರದಿದ್ದರೆ ಅದು ತಪ್ಪೇ, ಒಂದನೇ ಮನೆಗೆ. ಕರುಣೆಯಿಂದ ಮುಂದೆ ತಳ್ಳಿದ ಕಾರ್ಡು ತಿಂಗಳ ಕೊನೆಗೆ ಐದನೇ ಮನೆಯಲ್ಲಿ ಅಪರಿಚಿತವಾಗಿ ಸಿಗುತ್ತದೆ.

ಆಳಂದ ರಸ್ತೆಯಲ್ಲಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಹೋಗಿಬರುವವರು ಒಂದನೇ ಮನೆಯನ್ನಷ್ಟೇ ಬೈಂಡರ್ ಕ್ಲಿಪ್ಪಿಗೆ ಸಿಕ್ಕಿಸಿ ಜೇಬಿಗೆ ಹಾಕಿಕೊಳ್ಳಬಹುದು. ಮೊಬೈಲಿನಲ್ಲಿ ಇಂಥದೇ ಕಾರ್ಡು ಕೇಳುವ 'ಅಂಕಿ' (Anki) ಎಂಬ ಆ್ಯಪು ದಿನಗಳ ಲೆಕ್ಕವನ್ನು ಪೆಟ್ಟಿಗೆಗಿಂತ ಚೆನ್ನಾಗಿ ಇಡುತ್ತದೆ, ಕಾರ್ಡು 1,500 ದಾಟಿದವರು ಅದಕ್ಕೆ ಹೋಗುವುದೇ ಸರಿ. ಮೂಲೆ ಕತ್ತರಿಸುವ ಬದಲು ಅಲ್ಲಿ ಟ್ಯಾಗು ಹಾಕಿ.

ಐದನೇ ಮನೆಯಲ್ಲಿ ಎರಡು ತಿಂಗಳು ಸತತವಾಗಿ ಬಂದ ಪದ ಹೊರಗೆ. ಎಸೆಯಬೇಡಿ, ಪುಸ್ತಕವಾರು ಕಟ್ಟು ಮಾಡಿ ಮೇಲೆ ಕಾದಂಬರಿಯ ಹೆಸರು ಬರೆಯಿರಿ. ಅದೇ ಲೇಖಕರ ಇನ್ನೊಂದು ಪುಸ್ತಕ ಹಿಡಿಯುವ ಮುಂಚೆ ಆ ಕಟ್ಟನ್ನು ಒಮ್ಮೆ ಮಗುಚಿದರೆ ಅರ್ಧ ದಾರಿ ಸಲೀಸು. ಕಟ್ಟಲು ರಬ್ಬರ್ ಬ್ಯಾಂಡು ಬೇಡ, ಮೇ ತಿಂಗಳ ಕಾವಿಗೆ ಅಂಟಂಟಾಗಿ ಮೇಲಿನ ಕಾರ್ಡಿಗೆ ಹತ್ತಿಕೊಳ್ಳುತ್ತದೆ, ಬಿಡಿಸುವಾಗ ಅಕ್ಷರವೂ ಕಿತ್ತುಬರುತ್ತದೆ. ಹೂ ಕಟ್ಟುವ ಹತ್ತಿ ದಾರ ಎರಡು ಸುತ್ತು ಸಾಕು.